ಎಂಜಿನ್ ಓಡುತ್ತಿದ್ದರೂ ವಿಮಾನ ಬೀಳಬಲ್ಲದು

ನಮ್ಮ ದೇಶದಲ್ಲಿ ಖಾಸಗಿ ಪೈಲಟ್ ಪರವಾನಗಿ ಬೇಕೆಂದರೆ ಹತ್ತನೇ ತರಗತಿ ಪಾಸಾಗಿರಬೇಕು, 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ವೈದ್ಯಕೀಯ ತಪಾಸಣೆ, ಲಿಖಿತ ಪರೀಕ್ಷೆಗಳು ಬೇರೆ. ಕೈ ಪಳಗುವುದಕ್ಕೆ ಈ ಗಂಟೆಗಳು ಸಾಕಾಗಬಹುದು. ಆದರೆ ತರಬೇತಿಗೆ ಸೇರುವ ಮೊದಲೇ ತಲೆಯಲ್ಲಿ ಕೂತಿರುವ ತಪ್ಪು ತಿಳಿವಳಿಕೆಗಳನ್ನು ನೆಲದ ಮೇಲೆ ಇರುವಾಗಲೇ ತೆಗೆದುಹಾಕಬೇಕು. ಆಕಾಶದಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ.

ತಪ್ಪು ಕಲ್ಪನೆ: ಸ್ಟಾಲ್ ಎಂದರೆ ಎಂಜಿನ್ ನಿಂತುಹೋಗುವುದು.

ಸ್ಟಾಲ್ ಆಗುವುದು ರೆಕ್ಕೆ, ಎಂಜಿನ್ ಅಲ್ಲ. ಎದುರಿನಿಂದ ಬರುವ ಗಾಳಿಗೂ ರೆಕ್ಕೆಗೂ ನಡುವೆ ಇರುವ ಕೋನವೇ ಆಂಗಲ್ ಆಫ್ ಅಟ್ಯಾಕ್. ಈ ಕೋನ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆ. ಸಾಮಾನ್ಯ ತರಬೇತಿ ವಿಮಾನಗಳಲ್ಲಿ ಅದು ಸುಮಾರು 15-16 ಡಿಗ್ರಿ ದಾಟಿತೆಂದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಂಡು ಸುಳಿಗಟ್ಟುತ್ತದೆ, ಎತ್ತುವ ಬಲ ಕುಸಿಯುತ್ತದೆ.

2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. 228 ಜನ ಸತ್ತರು. ವೇಗ ಅಳೆಯುವ ಪಿಟೊ ನಳಿಕೆಗಳಲ್ಲಿ ಹಿಮ ಕಟ್ಟಿ, ಆಟೊಪೈಲಟ್ ಕಳಚಿಕೊಂಡಿತ್ತು. ಗೊಂದಲದಲ್ಲಿ ಪೈಲಟ್ ಮೂತಿಯನ್ನು ಮೇಲೆತ್ತಿದರು. ಸ್ಟಾಲ್ ಎಚ್ಚರಿಕೆ ಮತ್ತೆ ಮತ್ತೆ ಮೊಳಗಿದರೂ ಮೂತಿ ಇಳಿಯಲಿಲ್ಲ. ಎರಡೂ ಎಂಜಿನ್ ಓಡುತ್ತಿದ್ದ ವಿಮಾನ ಸುಮಾರು 38,000 ಅಡಿ ಎತ್ತರದಿಂದ ಮೂರೂವರೆ ನಿಮಿಷದಲ್ಲಿ ನೀರಿಗಪ್ಪಳಿಸಿತು. ಸ್ಟಾಲ್ ಆದರೆ ಮೊದಲು ಯೋಕನ್ನು (ನಿಯಂತ್ರಣ ಹಿಡಿಕೆಯನ್ನು) ಮುಂದಕ್ಕೆ ತಳ್ಳಿ ಕೋನ ಇಳಿಸಬೇಕು, ಪವರ್ ಅದರ ಹಿಂದೆ ಬರಲಿ. ನೆಲ ಹತ್ತಿರವಿದ್ದಾಗ ಮನಸ್ಸು ಇದಕ್ಕೆ ಒಪ್ಪುವುದಿಲ್ಲ. ಅದಕ್ಕೇ ಇದನ್ನು ಎತ್ತರದಲ್ಲಿ, ಬೋಧಕರ ಜೊತೆ, ಬೇಸರ ಬರುವಷ್ಟು ಸಲ ಅಭ್ಯಾಸ ಮಾಡಬೇಕು.

ತಪ್ಪು ಕಲ್ಪನೆ: ಕೈಪಿಡಿಯಲ್ಲಿರುವ ಸ್ಟಾಲ್ ವೇಗಕ್ಕಿಂತ ಜೋರಾಗಿ ಹಾರಿದರೆ ಭಯವಿಲ್ಲ.

ಆ ಅಂಕಿ ನೇರವಾಗಿ, ಸಮತಟ್ಟಾಗಿ ಹಾರುವಾಗಿನದು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿಸಿ ತಿರುಗಿದರೆ ರೆಕ್ಕೆ ಎರಡರಷ್ಟು ಭಾರ ಹೊರಬೇಕು. 50 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಆಗ ಸುಮಾರು 70ಕ್ಕೇ ಆಗುತ್ತದೆ.

ಇದು ಪ್ರಾಣಕ್ಕೆ ಬರುವುದು ಲ್ಯಾಂಡಿಂಗ್‌ನ ಕೊನೆಯ ತಿರುವಿನಲ್ಲಿ. ಹಿಂದಿನಿಂದ ಗಾಳಿ ತಳ್ಳುತ್ತದೆ, ರನ್‌ವೇಯ ನೇರ ದಾಟಿಹೋಗುತ್ತದೆ. ಹೆಚ್ಚು ವಾಲಿಸಲು ಹೆದರುವ ವಿದ್ಯಾರ್ಥಿ ತಿರುವಿನ ಕಡೆಯ ರಡ್ಡರ್ ಪೆಡಲ್ ಒತ್ತಿ ಮೂತಿಯನ್ನು ತಿರುಗಿಸುತ್ತಾನೆ. ವಾಲುವಿಕೆ ಹೆಚ್ಚಾಗದಂತೆ ಯೋಕನ್ನು ಎದುರು ದಿಕ್ಕಿಗೆ ಹೊರಳಿಸುತ್ತಾನೆ, ಮೂತಿ ಇಳಿಯದಂತೆ ಹಿಂದಕ್ಕೂ ಎಳೆಯುತ್ತಾನೆ. ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸ್ಪಿನ್‌ಗೆ ಬೀಳುತ್ತದೆ. ನೆಲದಿಂದ ಕೆಲವೇ ನೂರು ಅಡಿ ಮೇಲಿರುವಾಗ ಅದರಿಂದ ಹೊರಬರಲು ಜಾಗವೇ ಇರುವುದಿಲ್ಲ. ನೇರ ತಪ್ಪಿತೇ? ಗೋ-ಅರೌಂಡ್ ಮಾಡಿ, ಇನ್ನೊಂದು ಸುತ್ತು ಬನ್ನಿ. ಅದರಲ್ಲಿ ಅವಮಾನವೇನೂ ಇಲ್ಲ.

ತಪ್ಪು ಕಲ್ಪನೆ: ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ.

ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತದೆ. ಗಾಳಿಯಿಲ್ಲದ ದಿನ ನೆಲದಿಂದ 3,000 ಅಡಿ ಮೇಲಿದ್ದರೆ ಎಂಟು ಕಿಲೋಮೀಟರ್ ದೂರ, ನಾಲ್ಕು ನಿಮಿಷ ಸಮಯ ಕೈಯಲ್ಲಿರುತ್ತದೆ. 1983ರ ಜುಲೈ 23ರಂದು ಕೆನಡಾದಲ್ಲಿ ಬೋಯಿಂಗ್ 767 ಒಂದರ ಇಂಧನ ಸುಮಾರು 41,000 ಅಡಿ ಎತ್ತರದಲ್ಲಿ ಮುಗಿದುಹೋಯಿತು. ಇಂಧನದ ಲೆಕ್ಕದಲ್ಲಿ ಕಿಲೋ ಮತ್ತು ಪೌಂಡ್ ಅದಲುಬದಲಾಗಿದ್ದವು. ಗ್ಲೈಡರ್ ಹಾರಿಸಿ ಅನುಭವವಿದ್ದ ಕ್ಯಾಪ್ಟನ್ ಬಾಬ್ ಪಿಯರ್ಸನ್ ಅದನ್ನು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಬ್ಯಾಟರಿ ಸತ್ತರೆ ಎಂಜಿನ್ ನಿಲ್ಲುತ್ತದೆಂಬ ಭಯವೂ ಬೇಡ. ಹೆಚ್ಚಿನ ತರಬೇತಿ ವಿಮಾನಗಳಲ್ಲಿ ಪ್ಲಗ್‌ಗಳಿಗೆ ಕಿಡಿ ಕೊಡುವುದು ಎಂಜಿನ್ನಿನಿಂದಲೇ ತಿರುಗುವ ಎರಡು ಮ್ಯಾಗ್ನೆಟೊಗಳು.

ತಪ್ಪು ಕಲ್ಪನೆ: ರೆಕ್ಕೆಯ ಮೇಲಿನ ಗಾಳಿ ಕೆಳಗಿನ ಗಾಳಿಯನ್ನು ತುದಿಯಲ್ಲಿ ಸೇರಿಕೊಳ್ಳಬೇಕು, ಅದಕ್ಕೇ ಅದು ವೇಗವಾಗಿ ಓಡುತ್ತದೆ.

ಹಾಗೆ ಸೇರಬೇಕೆಂಬ ನಿಯಮವೇ ಇಲ್ಲ. ಮೇಲಿನ ಗಾಳಿ ಮೊದಲೇ ತಲುಪಿಬಿಡುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸ ಅದೇ ಕ್ರಿಯೆಯ ಇನ್ನೊಂದು ಮುಖ.

ತಪ್ಪು ಕಲ್ಪನೆ: ಆಲ್ಟಿಮೀಟರ್ ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ಹೇಳುತ್ತದೆ.

ಅದು ಅಳೆಯುವುದು ಗಾಳಿಯ ಒತ್ತಡವನ್ನು. ಆ ಪ್ರದೇಶದ ಸಮುದ್ರ ಮಟ್ಟದ ಒತ್ತಡವನ್ನು (ಕ್ಯೂಎನ್‌ಎಚ್) ಅದರಲ್ಲಿ ಹೊಂದಿಸಿದರೆ ಸಮುದ್ರ ಮಟ್ಟದಿಂದ ಎತ್ತರ ತೋರಿಸುತ್ತದೆ, ಆದ್ದರಿಂದ ಬೆಂಗಳೂರಿನ ರನ್‌ವೇ ಮೇಲೆ ನಿಂತಾಗಲೇ ಮುಳ್ಳು ಸುಮಾರು 3,000 ಅಡಿ ತೋರಿಸುತ್ತಿರುತ್ತದೆ. ಮುಳ್ಳು 7,000ದಲ್ಲಿದ್ದರೆ ಬೆಂಗಳೂರಿನ ಮೇಲೆ ನಾಲ್ಕು ಸಾವಿರ ಅಡಿ ಅಂತರವಿದೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಏಳುನೂರೂ ಇಲ್ಲ. ಕಡಿಮೆ ಒತ್ತಡದ ಪ್ರದೇಶಕ್ಕೆ ಹಾರಿಹೋಗಿ ಕ್ಯೂಎನ್‌ಎಚ್ ಬದಲಿಸದಿದ್ದರೆ, ಪ್ರತಿ ಹೆಕ್ಟೋಪ್ಯಾಸ್ಕಲ್‌ಗೆ ಸುಮಾರು 30 ಅಡಿಯಂತೆ ನೀವು ಅಂದುಕೊಂಡಿದ್ದಕ್ಕಿಂತ ಕೆಳಗಿರುತ್ತೀರಿ.

ತಪ್ಪು ಕಲ್ಪನೆ: ಬಿಸಿಲು ಚೆನ್ನಾಗಿದ್ದರೆ ಹಾರಲು ಒಳ್ಳೆಯ ದಿನ.

ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ 33 ಡಿಗ್ರಿ ಇದೆಯೆನ್ನಿ. 3,000 ಅಡಿ ಎತ್ತರಕ್ಕೆ ಪ್ರಮಾಣಿತ ತಾಪಮಾನ ಸುಮಾರು 9 ಡಿಗ್ರಿ. ಹೆಚ್ಚಿರುವ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಕೂಡಿಸಿದರೆ, ವಿಮಾನಕ್ಕೆ ಅದು ಹತ್ತಿರ ಹತ್ತಿರ 5,900 ಅಡಿಯ ತೆಳು ಗಾಳಿ. ಎಂಜಿನ್ನಿನ ಶಕ್ತಿ ಇಳಿಯುತ್ತದೆ, ಪ್ರೊಪೆಲರ್‌ನ ಸೆಳೆತ ಸಡಿಲವಾಗುತ್ತದೆ. ಮೀಟರಿನಲ್ಲಿ ಅದೇ ವೇಗ ಕಂಡರೂ ನೆಲದ ಮೇಲೆ ಓಟ ಹೆಚ್ಚು, ರನ್‌ವೇ ಬೇಗ ಖರ್ಚಾಗುತ್ತದೆ. ತೇವದ ಗಾಳಿ ಭಾರವೆಂಬ ನಂಬಿಕೆಯೂ ತಿರುವುಮುರುವು: ನೀರಾವಿ ಒಣ ಗಾಳಿಗಿಂತ ಹಗುರ, ಹಾಗಾಗಿ ತೇವಾಂಶ ಈ ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕೈಪಿಡಿಯ ಟೇಕಾಫ್ ಕೋಷ್ಟಕ ನೋಡದೆ ಹೊರಡಬೇಡಿ.

ತಪ್ಪು ಕಲ್ಪನೆ: ನಮ್ಮ ಸೆಕೆಯ ನಾಡಿನಲ್ಲಿ ಕಾರ್ಬ್ಯುರೇಟರ್‌ನಲ್ಲಿ ಹಿಮ ಎಲ್ಲಿಂದ ಬರಬೇಕು?

ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ, ಇಕ್ಕಟ್ಟಿನಲ್ಲಿ ಒತ್ತಡ ಇಳಿಯುವಾಗ ತಾಪಮಾನ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಕರಾವಳಿಯ ಮಳೆಗಾಲದಂಥ ತೇವದಲ್ಲಿ, ಅದರಲ್ಲೂ ಪವರ್ ತಗ್ಗಿಸಿ ಇಳಿಯುವಾಗ, ಅಷ್ಟೇ ಸಾಕು. ಆರ್‌ಪಿಎಂ ಸದ್ದಿಲ್ಲದೆ ಇಳಿಯತೊಡಗಿದರೆ ಅನುಮಾನ ಪಡಿ, ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಹಿಡಿಯನ್ನು ಪೂರ್ತಿ ಎಳೆಯಿರಿ. ಕರಗಿದ ನೀರು ಒಳಹೋಗುವಾಗ ಎಂಜಿನ್ ಇನ್ನೂ ಒರಟಾಗಿ ಓಡುತ್ತದೆ. ಆಗ ಹೆದರಿ ಆ ಹಿಡಿಯನ್ನು ವಾಪಸ್ ತಳ್ಳಬೇಡಿ, ಹಿಮ ಕರಗಿ ಎಂಜಿನ್ ಸರಾಗವಾಗುವವರೆಗೆ ಹಾಗೇ ಬಿಡಿ.