ಬೇಲಿಯೇ ಎದ್ದು ಹೊಲ ಮೇಯ್ದರೆ ‘ಇಮ್ಯುನಿಟಿ ಬೂಸ್ಟರ್’ ಏನು ಮಾಡೀತು?

ಕೊರೊನಾ ಬಂದುಹೋದ ಮೇಲೆ ನಮ್ಮ ಮನೆಗಳಲ್ಲಿ ಒಂದು ಪದ ಮಂತ್ರದಂತಾಗಿದೆ: ಇಮ್ಯುನಿಟಿ. ಕಷಾಯ ಇಮ್ಯುನಿಟಿಗೆ, ಅಮೃತಬಳ್ಳಿ ಇಮ್ಯುನಿಟಿಗೆ, ಬೆಳಿಗ್ಗೆದ್ದು ಕುಡಿಯೋ ಬಿಸಿನೀರೂ ಇಮ್ಯುನಿಟಿಗೆ. ಹೆಚ್ಚಾದಷ್ಟೂ ಒಳ್ಳೇದು ಅನ್ನೋ ನಂಬಿಕೆ. ಆದರೆ ಆ ಇಮ್ಯುನಿಟಿಯೇ ದಾರಿ ತಪ್ಪಿ ತನ್ನ ಮೈಯನ್ನೇ ತಿನ್ನತೊಡಗಿದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ, ಬೇಲಿಗೆ ಇನ್ನಷ್ಟು ಮುಳ್ಳು ಕಟ್ಟಿ ಪ್ರಯೋಜನವೇನು?

ಆಟೋಇಮ್ಯೂನ್ ಕಾಯಿಲೆ ಅಂದರೆ ಇದೇ. ನಮ್ಮಕ್ಕನಿಗೆ ಇಂಥವು ಒಂದಲ್ಲ, ಮೂರಿವೆ. ಅವಳ ತವರು ಕುರುಗೋಡು, ಗಂಡನ ಮನೆ ಸಿರುಗುಪ್ಪ, ಆಸ್ಪತ್ರೆ ಬಳ್ಳಾರಿ. ಈ ಮೂರು ಊರುಗಳ ನಡುವೆ ಆರು ವರ್ಷದಿಂದ ಓಡಾಡುತ್ತಿರುವ ಫೈಲಿನ ಜೊತೆಗೆ ಕಷಾಯ, ಲೇಹ್ಯ, ಹೆಸರಿಲ್ಲದ ಪುಡಿ ಪೊಟ್ಟಣಗಳೂ ಓಡಾಡಿವೆ. ಜನ ಯಾಕೆ ಪುಡಿಯ ಹಿಂದೆ ಹೋಗುತ್ತಾರೆ, ಅದರಲ್ಲಿ ಯಾವುದು ನಿರಪಾಯ, ಯಾವುದು ಅಪಾಯ, ಇದರಲ್ಲಿ ಸರ್ಕಾರದ ಪಾಲೆಷ್ಟು ಅನ್ನೋದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಒಂದರ ಬೆನ್ನಿಗೆ ಇನ್ನೊಂದು

ಮೊದಲು ಬಂದದ್ದು ಥೈರಾಯ್ಡ್. ಹಶಿಮೊಟೊ ಅಂತ ಅದರ ಹೆಸರು. ರೋಗನಿರೋಧಕ ವ್ಯವಸ್ಥೆ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. ಆಮೇಲೆ ಬೆರಳಿನ ಕೀಲುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಒಂದು ತಾಸು ಮುಷ್ಟಿ ಕಟ್ಟೋಕೆ ಆಗಲ್ಲ, ರೊಟ್ಟಿ ತಟ್ಟೋಕೆ ಆಗಲ್ಲ. ಅದು ರುಮಟಾಯ್ಡ್ ಆರ್ಥ್ರೈಟಿಸ್. ಮೂರನೆಯದು ಷೋಗ್ರೆನ್: ಕಣ್ಣೀರು, ಜೊಲ್ಲು ಸುರಿಸುವ ಗ್ರಂಥಿಗಳೇ ಒಣಗುತ್ತವೆ. ನೀರಿಲ್ಲದೆ ಒಂದು ತುತ್ತು ಅನ್ನ ಇಳಿಯದು.

ಒಬ್ಬರಲ್ಲೇ ಹೀಗೆ ಎರಡು-ಮೂರು ಸೇರಿಕೊಳ್ಳುವುದು ಅಪರೂಪದ ಶಾಪವೇನಲ್ಲ. ಈ ಕಾಯಿಲೆಗಳ ಹಿಂದಿನ ಆನುವಂಶಿಕ ಒಲವು ಬಹುಪಾಲು ಒಂದೇ ಆಗಿರುವುದರಿಂದ ಅವು ಗುಂಪಾಗಿ ಬರುತ್ತವೆ. ಬಹುತೇಕ ಹೆಂಗಸರಿಗೇ ಬರುತ್ತವೆ. ಲೂಪಸ್ ಎಂಬ ಕಾಯಿಲೆಯಲ್ಲಿ ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಇನ್ನೂ ಒಂದು ಮಾತು ಬಳ್ಳಾರಿಯವರು ಗಮನಿಸಬೇಕು. ಸಿಲಿಕಾ ಇರುವ ಧೂಳನ್ನು ವರ್ಷಗಟ್ಟಲೆ ಉಸಿರಾಡುವುದು ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್‌ಗಳ ಅಪಾಯ ಹೆಚ್ಚಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಗಣಿ ಜಿಲ್ಲೆಯಲ್ಲಿ ಇದನ್ನು ಅಳೆಯುವುದು ಯಾರ ಕೆಲಸ?

ಪುಡಿಯ ಹಿಂದೆ ಯಾಕೆ ಹೋಗ್ತಾರೆ?

“ಓದಿದವರೂ ಮೂಢನಂಬಿಕೆ ಬಿಡಲ್ಲ” ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಅಕ್ಕ ಪುಡಿಗೆ ಕೈ ಚಾಚಿದ್ದರ ಹಿಂದೆ ಪಕ್ಕಾ ಲೆಕ್ಕಾಚಾರವಿತ್ತು.

ಒಂದು, ದೂರ. ಈ ಕಾಯಿಲೆಗಳ ತಜ್ಞರಾದ ರುಮಟಾಲಜಿಸ್ಟ್‌ಗಳು ನಮ್ಮ ದೇಶದಲ್ಲಿ ಬಹುಪಾಲು ದೊಡ್ಡ ನಗರಗಳಲ್ಲೇ ಇದ್ದಾರೆ. ಬೆಂಗಳೂರು ಬಳ್ಳಾರಿಯಿಂದ ಸುಮಾರು 300 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಸ್ ಚಾರ್ಜು ಉಳಿಸಿದೆ, ನಿಜ. ಹೋದ ದಿನದ ಕೂಲಿಯನ್ನು ಅದು ಉಳಿಸಲ್ಲ.

ಎರಡು, ದುಡ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಜೀವನಪೂರ್ತಿ ನುಂಗಬೇಕಾದ ಮಾತ್ರೆ, ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ರಕ್ತ ಪರೀಕ್ಷೆಗಳ ಖರ್ಚು ಹೆಚ್ಚಾಗಿ ಜೇಬಿನದ್ದೇ.

ಮೂರು, ನಂಬಿಕೆ. 2020ರ ಮಾರ್ಚ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ರಾಮಬಾಣ ಎಂಬ ಸುದ್ದಿ ಹಬ್ಬಿ, ವರ್ಷಗಳಿಂದ ಅದನ್ನೇ ನಂಬಿದ್ದ ಲೂಪಸ್, ಆರ್ಥ್ರೈಟಿಸ್ ರೋಗಿಗಳು ಅಂಗಡಿ ಅಂಗಡಿ ಅಲೆದರು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಲ್ಲಿ ಬಳಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದು, ರಾಜ್ಯದ ಔಷಧ ನಿಯಂತ್ರಕರನ್ನೇ ಸರ್ಕಾರ ಅಮಾನತು ಮಾಡಿತು. ಇದಾದ ಮೇಲೆ ಸಿರುಗುಪ್ಪದ ಹೆಣ್ಣುಮಗಳೊಬ್ಬಳು “ಆಸ್ಪತ್ರೆ ಬಾಟ್ಲಿಗಿಂತ ನಮ್ಮ ಬೇರು ಸೊಪ್ಪೇ ವಾಸಿ” ಅಂದರೆ, ಅವಳಿಗೆ ವಿಜ್ಞಾನದ ಪಾಠ ಹೇಳುವ ಮುಂಚೆ ಉತ್ತರ ಕೊಡಬೇಕಾದವರು ಬೇರೆಯವರಿದ್ದಾರೆ.

ನಾಲ್ಕನೆಯದು ಅಕ್ಕನ ಅಸಲಿ ಕಾರಣ. ಅವಳಿಗೆ ಮಗು ಬೇಕು. ಮೆಥೊಟ್ರೆಕ್ಸೇಟ್ ತಗೊಳ್ಳುವಾಗ ಗರ್ಭ ನಿಲ್ಲಬಾರದು ಅಂತ ಒಂದು ಕ್ಲಿನಿಕ್ಕಿನಲ್ಲಿ ಹೇಳಿ ಕಳಿಸಿದರು. ಮುಂದೇನು ಅಂತ ಹೇಳಲಿಲ್ಲ. ಅವಳ ಹಿಂದೆ ಸಾಲು ದೊಡ್ಡದಿತ್ತು. ಪುಡಿ ಕೊಡುವವರು ಮಾತ್ರ ಅರ್ಧ ತಾಸು ಕೂರಿಸಿ ಮಾತಾಡಿಸಿದರು, “ಇದು ಬರೇ ಗಿಡಮೂಲಿಕೆ ಐತವ್ವ, ಗರ್ಭಕ್ಕೇನೂ ಆಗಂಗಿಲ್ಲ” ಅಂದರು. ಯಾರು ಕೇಳಿಸಿಕೊಂಡರೋ ಅವರ ಮಾತು ನಂಬಿದಳು.

‘ನ್ಯಾಚುರಲ್’ ಅನ್ನೋದು ಗ್ಯಾರಂಟಿ ಕಾರ್ಡಲ್ಲ

ಆ ಪುಡಿಗೆ ಮೂರೇ ದಿನದಲ್ಲಿ ನೋವು ಮಾಯವಾಯಿತು. ಮನೆಯವರೆಲ್ಲ ಕೈ ಮುಗಿದರು. ಒಂದೂವರೆ ತಿಂಗಳಲ್ಲಿ ಮುಖ ಊದಿ ದುಂಡಗಾಯಿತು, ಬಿಪಿ ಏರಿತು. ವೈದ್ಯರ ಮೊದಲ ಅನುಮಾನ: ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೆ. ಕೀಲುನೋವಿನ ‘ಗಿಡಮೂಲಿಕೆ’ ಔಷಧಿಗಳಲ್ಲಿ ಗುಟ್ಟಾಗಿ ಸ್ಟೆರಾಯ್ಡ್, ನೋವಿನ ಮಾತ್ರೆ ಬೆರೆಸುವುದು ಹಲವು ದೇಶಗಳಲ್ಲಿ ಪತ್ತೆಯಾಗಿರುವ ಹಳೆಯ ದಂಧೆ. ಅದಕ್ಕೇ, ಬೇರು ಸೊಪ್ಪು ಎರಡು-ಮೂರು ದಿನದಲ್ಲೇ ಪವಾಡ ಮಾಡಿದರೆ ಖುಷಿಪಡುವ ಮೊದಲು ಅನುಮಾನಪಡಿ. ಇನ್ನೊಂದು ಅಪಾಯವೂ ಇದೆ: ಅಂಥ ಪುಡಿಯನ್ನು ವಾರಗಟ್ಟಲೆ ತಗೊಂಡು ಧಿಡೀರ್ ನಿಲ್ಲಿಸಿದರೂ ಪ್ರಾಣಕ್ಕೆ ಕುತ್ತು. ದೇಹ ತನ್ನ ಸ್ವಂತ ಸ್ಟೆರಾಯ್ಡ್ ಹಾರ್ಮೋನು ತಯಾರಿಸುವುದನ್ನೇ ಆಗ ಕಡಿಮೆ ಮಾಡಿರುತ್ತದೆ. ವೈದ್ಯರಿಗೆ ವಿಷಯ ಹೇಳಿಯೇ ಹಂತಹಂತವಾಗಿ ಬಿಡಬೇಕು.

ಇನ್ನು ಅಮೃತಬಳ್ಳಿ. 2021ರಲ್ಲಿ ಮುಂಬೈನ ವೈದ್ಯರು ಇದನ್ನು ಸೇವಿಸಿ ಲಿವರ್ ಕೆಟ್ಟ 6 ರೋಗಿಗಳ ಬಗ್ಗೆ ವರದಿ ಮಾಡಿದರು. ಮರುವರ್ಷ 13 ಕೇಂದ್ರಗಳಿಂದ ಇಂಥ 43 ರೋಗಿಗಳ ವಿವರ ಪ್ರಕಟವಾಯಿತು. ಆ ಬಳ್ಳಿ ಕೆಲವರಲ್ಲಿ ಆಟೋಇಮ್ಯೂನ್ ಮಾದರಿಯ ಲಿವರ್ ಉರಿಯೂತವನ್ನೇ ಹೊತ್ತಿಸುತ್ತದೆ, ಈಗಾಗಲೇ ಅಂಥ ಕಾಯಿಲೆಯ ಒಲವು ಇರುವವರು ಹುಷಾರಾಗಿರಬೇಕು ಅನ್ನೋದು ಆ ವೈದ್ಯರ ಎಚ್ಚರಿಕೆ. ಆಯುಷ್ ಸಚಿವಾಲಯ ಒಪ್ಪಲಿಲ್ಲ; ಅದೇ ಜಾತಿಯ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿ ಅಂತ ತಪ್ಪು ತಿಳಿದಿರಬಹುದು ಎಂದಿತು. ಆ ವಾದವನ್ನೇ ಒಪ್ಪಿಕೊಳ್ಳಿ. ಬೇಲಿ ಮೇಲಿನ ಬಳ್ಳಿ ಕಿತ್ತು ಕಷಾಯ ಕುದಿಸುವ ನಾವು ಎರಡರ ನಡುವಿನ ವ್ಯತ್ಯಾಸವನ್ನು ಹೇಗೆ ಕಂಡುಹಿಡಿಯೋದು?

ಅಶ್ವಗಂಧ ಥೈರಾಯ್ಡ್ ಹಾರ್ಮೋನು ಏರಿಸಬಹುದು. ಜ್ಯೇಷ್ಠಮಧು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಸ್ಟೆರಾಯ್ಡ್ ಜೊತೆ ಸೇರಿದರೆ ಇನ್ನೂ ಜಾಸ್ತಿ. ಪಾದರಸ, ಸೀಸದ ವಿಷಯ ಬೇರೆಯೇ. 2004ರಲ್ಲಿ ಅಮೆರಿಕದ ಬಾಸ್ಟನ್ ಅಂಗಡಿಗಳಿಂದ ತಂದು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ, ಪಾದರಸ ಎರಡೂ ಮಾಸನ್ನು (ಪ್ಲಸೆಂಟಾ) ದಾಟಿ ಮಗುವನ್ನು ಮುಟ್ಟುತ್ತವೆ. ಗರ್ಭಕ್ಕೇನೂ ಆಗಲ್ಲ ಅಂತ ಕೊಟ್ಟ ಹೆಸರಿಲ್ಲದ ಪುಡಿಯ ಬಗ್ಗೆ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ.

ಹಾಗಂತ ಗಿಡದಲ್ಲಿ ಏನೂ ಇಲ್ಲ ಅಂತಲ್ಲ. ಅಕ್ಕ ನುಂಗುವ ಹೈಡ್ರಾಕ್ಸಿಕ್ಲೋರೋಕ್ವಿನ್‌ನ ವಂಶಾವಳಿ ಹಿಡಿದು ಹಿಂದೆ ಹೋದರೆ ಸಿಂಕೋನಾ ಮರದ ತೊಗಟೆ ಸಿಗುತ್ತದೆ. ಚೀನಾದ ‘ಲೇ ಗೊಂಗ್ ಟೆಂಗ್’ ಎಂಬ ಬಳ್ಳಿ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಮೆಥೊಟ್ರೆಕ್ಸೇಟ್‌ಗೆ ಕಡಿಮೆಯಿಲ್ಲದಂತೆ ಕೆಲಸ ಮಾಡಿದ್ದನ್ನು 2014ರ ಪ್ರಯೋಗವೊಂದು ತೋರಿಸಿತು; ಆದರೆ ಅದೇ ಬಳ್ಳಿ ಹೆಂಗಸರ ಮುಟ್ಟನ್ನೇ ನಿಲ್ಲಿಸಬಲ್ಲದು. ಅಂದರೆ, ನಿಜವಾಗಿ ಕೆಲಸ ಮಾಡುವ ಗಿಡಕ್ಕೆ ನಿಜವಾದ ಸೈಡ್ ಎಫೆಕ್ಟೂ ಇರುತ್ತದೆ. 2011ರಲ್ಲಿ ಪ್ರಕಟವಾದ ಕೊಯಮತ್ತೂರಿನ ಅಧ್ಯಯನ 43 ರೋಗಿಗಳಲ್ಲಿ ಆಯುರ್ವೇದ ಚಿಕಿತ್ಸೆ ಮತ್ತು ಮೆಥೊಟ್ರೆಕ್ಸೇಟ್ ಎರಡನ್ನೂ ಹೋಲಿಸಿ, ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದಿತು. 43 ಜನರಿಂದ ತೀರ್ಪು ಕೊಡಲಾಗದು. ಆದರೆ ಆಯುರ್ವೇದವನ್ನೂ ನೇರವಾಗಿ ಪರೀಕ್ಷೆಗೆ ಒಡ್ಡಬಹುದು ಅನ್ನೋದು ಅಲ್ಲಿ ಸಾಬೀತಾಯಿತು. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿಗೆ ಪಂಡಿತ ತಾರಾನಾಥರ ಹೆಸರಿದೆ. ತುಂಗಭದ್ರೆಯ ದಂಡೆಯಲ್ಲಿ ‘ಪ್ರೇಮಾಯತನ’ ಕಟ್ಟಿ, ವೈದ್ಯವನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಒಟ್ಟಿಗೆ ನಡೆಸಿದವರು ಅವರು. ಅಂಥ ಪರಂಪರೆಗೆ ಮರ್ಯಾದೆ ಅಂದರೆ ಪ್ರಶ್ನೆ ಕೇಳುವುದೇ.

ಕಾನೂನು ಇದೆ, ಕಾವಲು ಇಲ್ಲ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ 54 ಕಾಯಿಲೆಗಳ ಪಟ್ಟಿ ಕೊಟ್ಟು, ಅವನ್ನು ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಆ ಪಟ್ಟಿಯಲ್ಲಿ ಸಂಧಿವಾತ, ಲೂಪಸ್, ಮಧುಮೇಹ ಎಲ್ಲವೂ ಇವೆ. ಆದರೂ ನಿಮ್ಮ ಫೋನಿನಲ್ಲಿ ‘ಸಂಧಿವಾತ 21 ದಿನದಲ್ಲಿ ಮಾಯ’ ಅನ್ನೋ ರೀಲ್ ಬಂದೇ ಬರುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ 170ನೇ ನಿಯಮ ತಂದಿತು: ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳ ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು. 2023ರಲ್ಲಿ ಅದೇ ಕೇಂದ್ರ, ಈ ನಿಯಮದಡಿ ಕ್ರಮ ಬೇಡ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಜುಲೈನಲ್ಲಿ ನಿಯಮವನ್ನೇ ತೆಗೆದುಹಾಕಿತು. ಪತಂಜಲಿ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಆ ಪ್ರಕರಣವೂ ಮುಕ್ತಾಯವಾಯಿತು. ಕಂಪನಿಗೆ ‘ವ್ಯಾಪಾರದ ಸರಾಗತೆ’ ಸಿಕ್ಕಿತು. ರೋಗಿಗೆ ಏನು ಸಿಕ್ಕಿತು?

ಹಾಗಾದರೆ ಏನು ಮಾಡಬೇಕು?

ನಿಮ್ಮ ಮನೆಯಲ್ಲೂ ಇಂಥ ರೋಗಿ ಇದ್ದರೆ ಇಷ್ಟು ನೆನಪಿಡಿ.

ಅಡುಗೆಮನೆಯ ಅರಿಸಿನ, ಶುಂಠಿ, ಬಿಸಿನೀರಿನ ಶಾಖ, ಎಣ್ಣೆ ಮಾಲೀಶು, ಲಘು ವ್ಯಾಯಾಮ ಇವಕ್ಕೆ ಯಾರೂ ಅಡ್ಡಿ ಮಾಡಲ್ಲ. ನೋವು, ಬಿಗಿತದಲ್ಲಿ ನೆಮ್ಮದಿ ಕೊಡುತ್ತವೆ. ಅವು ಮಾತ್ರೆಯ ಜೊತೆಗೆ ಇರಲಿ, ಮಾತ್ರೆಯ ಬದಲಿಗೆ ಬೇಡ. ಕೀಲು ಒಮ್ಮೆ ಸವೆದು ಸೊಟ್ಟಗಾದರೆ ಯಾವ ಔಷಧಿಯೂ ಅದನ್ನು ನೆಟ್ಟಗೆ ಮಾಡದು. ಕಾಯಿಲೆಯ ಮೊದಲ ವರ್ಷಗಳೇ ನಿರ್ಣಾಯಕ.

ಆಯುರ್ವೇದಕ್ಕೆ ಹೋಗುವುದಾದರೆ ನೋಂದಾಯಿತ ವೈದ್ಯರ ಬಳಿ ಹೋಗಿ. ಡಬ್ಬಿಯ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರ್, ಏನೇನಿದೆ ಎಂಬ ಪಟ್ಟಿ ಇಲ್ಲದಿದ್ದರೆ ಮುಟ್ಟಬೇಡಿ. ತಗೊಳ್ಳುವ ಪುಡಿಯನ್ನು ಡಾಕ್ಟರಿಗೆ ತೋರಿಸಿ. ಬೈತಾರೆ ಅಂತ ಮುಚ್ಚಿಡಬೇಡಿ. ಬೈಯುವುದಕ್ಕಿಂತ ಕೇಳಿಸಿಕೊಳ್ಳುವುದು ಮುಖ್ಯ ಅಂತ ಡಾಕ್ಟರುಗಳೂ ತಿಳಿಯಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಪುಡಿ ಸಮೇತ ಅವತ್ತೇ ಆಸ್ಪತ್ರೆಗೆ ಹೋಗಿ.

ಮೆಥೊಟ್ರೆಕ್ಸೇಟ್ ಈ ಕಾಯಿಲೆಗೆ ವಾರಕ್ಕೊಂದೇ ದಿನ. ದಿನಾ ನುಂಗಿ ಸತ್ತವರಿದ್ದಾರೆ. ಚೀಟಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.

ಮಗು ಬೇಕು ಅನ್ನುವವರಿಗೆ ದಾರಿ ಇದೆ. ವೈದ್ಯರು ಹೇಳಿದಷ್ಟು ತಿಂಗಳು ಮುಂಚೆ ಮೆಥೊಟ್ರೆಕ್ಸೇಟ್ ನಿಲ್ಲಿಸಿ, ಗರ್ಭಿಣಿಯರೂ ತಗೊಳ್ಳಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್‌ನಂಥ ಔಷಧಿಗಳಿಗೆ ಬದಲಾಗಬಹುದು. ಷೋಗ್ರೆನ್ ಇದ್ದವರು ‘ಆಂಟಿ-ರೋ’ ಎಂಬ ರಕ್ತ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು. ಅದು ಪಾಸಿಟಿವ್ ಇರುವ ತಾಯಂದಿರಲ್ಲಿ ನೂರಕ್ಕೆ ಒಂದೆರಡು ಶಿಶುಗಳಿಗೆ ಹೃದಯ ಬಡಿತದ ತೊಂದರೆ ಬರಬಹುದು. ಮೊದಲೇ ಗೊತ್ತಿದ್ದರೆ ನಿಗಾ ಇಡಬಹುದು. ಅಕ್ಕನಿಗೆ ಈ ಮಾತು ಸಿಕ್ಕಿದ್ದು ಆರನೇ ವರ್ಷದಲ್ಲಿ, ಬೆಂಗಳೂರಿನಲ್ಲಿ. ಹತ್ತು ನಿಮಿಷದ ಮಾತು. ಈಗ ಅವಳು ಔಷಧಿ ಬದಲಿಸಿಕೊಂಡು ಕಾಯುತ್ತಿದ್ದಾಳೆ. ಏನಾಗುತ್ತೋ ಅಂತ ನಮಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಆ ಹತ್ತು ನಿಮಿಷ ಬಳ್ಳಾರಿಯಲ್ಲೇ ಸಿಗಬೇಕಿತ್ತು ಅನ್ನೋದು ನನ್ನ ರಾಜಕೀಯ. ನಮಗೆ 371(ಜೆ) ಇದೆ, ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಸಾವಿರಾರು ಕೋಟಿಯ ಅನುದಾನ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಆರೋಗ್ಯ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ವೈದ್ಯಕೀಯ ಕಾಲೇಜಿದೆ, ಅದೇ ಊರಿನಲ್ಲಿ ಆಯುರ್ವೇದ ಕಾಲೇಜೂ ಇದೆ. ವಾರಕ್ಕೊಂದು ದಿನ ಎರಡೂ ಕಡೆಯ ವೈದ್ಯರು ಕೂತು ಈ ರೋಗಿಗಳನ್ನು ನೋಡುವ ಒಪಿಡಿ, ತಾಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗುವ ಮಾತ್ರೆ ಮತ್ತು ರಕ್ತ ಪರೀಕ್ಷೆ, ಜನ ತಂದುಕೊಡುವ ಪುಡಿಯನ್ನು ಪರೀಕ್ಷಿಸಿ ಹೇಳುವ ಒಂದು ಲ್ಯಾಬು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಘೋಷಣೆಯೂ ಬೇಡ. ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆ ಬಾಗಿಲಿಗೆ ಬರುವವರ ಮುಂದೆ ಈ ಮೂರನ್ನು ಇಡಿ. ಅಲ್ಲಿಯವರೆಗೆ, ಪುಡಿ ನಂಬಿದ ಹೆಂಗಸರನ್ನು ನೋಡಿ ನಗುವ ಹಕ್ಕು ನಮಗ್ಯಾರಿಗೂ ಇಲ್ಲ.