ಕಾರ್ನೋನ ತಪ್ಪು: ಸ್ಥಿತಿಫಲನ, ಪಥಫಲನಗಳ ವಿವೇಚನೆ

ಚರಿತ್ರೆಯ ಅಧ್ಯಾಪಕರಾದ ನಾವು ಉಷ್ಣಗತಿಶಾಸ್ತ್ರದ ವಿಷಯವನ್ನೆತ್ತಿಕೊಳ್ಳುವುದಕ್ಕೆ ಕಾರಣವುಂಟು. ಆ ಶಾಸ್ತ್ರದ ಕೆಲವು ರಾಶಿಗಳು ತಮ್ಮ ಪೂರ್ವಚರಿತ್ರೆಯ ಗುರುತನ್ನೇ ಉಳಿಸುವುದಿಲ್ಲ. ಕೆಲವಕ್ಕೆ ಆ ಚರಿತ್ರೆಯೇ ಸರ್ವಸ್ವ. ಒಂದು ಕಿಲೋಗ್ರಾಂ ನೀರು 20 ಡಿಗ್ರಿಯಿಂದ 21 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದೆಯೆನ್ನೋಣ. ಒಲೆಯ ಮೇಲಿಟ್ಟು ಸುಮಾರು 4.2 ಕಿಲೋಜೌಲ್ ಶಾಖವನ್ನು ಕೊಟ್ಟಿರಬಹುದು. ಇಲ್ಲವೆ, 1845ರಲ್ಲಿ ಜೌಲನು ಮಾಡಿ ತೋರಿದಂತೆ, ಶಾಖವನ್ನು ಕೊಡದೆಯೇ ಹಲಗೆಗಳುಳ್ಳ ಚಕ್ರವೊಂದನ್ನು ತಿರುಗಿಸಿ, ಅಷ್ಟೇ ಕೆಲಸದಿಂದ ನೀರನ್ನು ಕಡೆದಿರಬಹುದು. ಕೊನೆಗೆ ಆ ನೀರನ್ನು ಎಷ್ಟು ಪರೀಕ್ಷಿಸಿದರೂ ಅದು ಯಾವ ದಾರಿಯಿಂದ ಬಂದಿತೆಂಬುದು ತಿಳಿಯದು. ಎರಡು ಸಂದರ್ಭಗಳಲ್ಲಿಯೂ ಅದರ ಆಂತರಿಕ ಶಕ್ತಿ ಒಂದೇ ಪ್ರಮಾಣದಲ್ಲಿ ಹೆಚ್ಚಿದೆ. ಹೀಗೆ ಸ್ಥಿತಿಯೊಂದನ್ನೇ ಅವಲಂಬಿಸಿದುದು ಸ್ಥಿತಿಫಲನ. ಶಾಖ, ಕೆಲಸಗಳಾದರೋ ದಾರಿಯನ್ನವಲಂಬಿಸಿದ ಪಥಫಲನಗಳು. ವಿದ್ಯಾರ್ಥಿಗಳು ಧಾರಾಳವಾಗಿ ಬರೆಯುವ ‘ನೀರಿನಲ್ಲಿರುವ ಶಾಖ’ ಎಂಬ ಮಾತಿಗೆ, ಕಟ್ಟುನಿಟ್ಟಾಗಿ ನೋಡಿದರೆ, ಅರ್ಥವಿಲ್ಲ.

ಆದರೆ ಈ ತಪ್ಪಿನ ಮನೆತನ ದೊಡ್ಡದು. 1824ರಲ್ಲಿ ಸಾದಿ ಕಾರ್ನೋ ಶಾಖಯಂತ್ರಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಾಗ, ಶಾಖವು ‘ಕ್ಯಾಲೊರಿಕ್’ ಎಂಬ ನಾಶವಿಲ್ಲದ ದ್ರವವೆಂದೇ ಬಹುಮಂದಿ ವಿದ್ವಾಂಸರ ಮತವಾಗಿತ್ತು. ನೀರು ಮೇಲಿನಿಂದ ಬಿದ್ದು ಚಕ್ರವನ್ನು ತಿರುಗಿಸಿಯೂ ತಾನು ಕಡಮೆಯಾಗದಂತೆ, ಕ್ಯಾಲೊರಿಕ್ ಬಿಸಿಯ ಕಡೆಯಿಂದ ತಂಪಿನ ಕಡೆಗಿಳಿದು ಯಂತ್ರವನ್ನು ನಡೆಸುತ್ತದೆಂದು ಆತನು ಬಗೆದನು. ಹಾಗಿದ್ದರೆ, ಯಂತ್ರವು ಒಂದು ಸುತ್ತನ್ನು ಮುಗಿಸಿ ಮೊದಲಿನ ಸ್ಥಿತಿಗೆ ಮರಳುವಷ್ಟರಲ್ಲಿ, ಪಡೆದ ಶಾಖವನ್ನೆಲ್ಲ ಹೊರಕ್ಕೆ ಕೊಟ್ಟಿರಬೇಕು. ಶಾಖವನ್ನು ಸ್ಥಿತಿಫಲನವೆಂದು ಎಣಿಸಿದುದರ ಪರಿಣಾಮವಿದು.

1850ರಲ್ಲಿ ಕ್ಲಾಸಿಯಸ್ ಇದನ್ನು ತಿದ್ದಿದನು. (ಆಗ ಅವನಿಗೆ ಕಾರ್ನೋನ ಮೂಲಗ್ರಂಥವೇ ದೊರೆತಿರಲಿಲ್ಲ, ಕ್ಲಾಪೆರಾನ್, ಥಾಮ್ಸನ್ ಇವರ ಬರಹಗಳ ಮೂಲಕವೇ ಅದನ್ನು ಅರಿತಿದ್ದನು.) 500 ಕೆಲ್ವಿನ್ ಉಷ್ಣತೆಯಲ್ಲಿ 1000 ಜೌಲ್ ಶಾಖವನ್ನು ಪಡೆಯುವ ಆದರ್ಶಯಂತ್ರವು 300 ಕೆಲ್ವಿನ್ ಉಷ್ಣತೆಯಲ್ಲಿ 600 ಜೌಲನ್ನು ಮಾತ್ರ ಹೊರಬಿಡುತ್ತದೆ, ಉಳಿದ 400 ಜೌಲ್ ಕೆಲಸವಾಗಿ ಪರಿಣಮಿಸುತ್ತದೆ. ಇಷ್ಟಾದ ಮೇಲೆ ಕಾರ್ನೋನ ಸಿದ್ಧಾಂತವೆಲ್ಲ ಕುಸಿಯಬೇಕಾಗಿತ್ತು, ಕುಸಿಯಲಿಲ್ಲ. ಆದರ್ಶಯಂತ್ರದ ದಕ್ಷತೆಯು ಎರಡು ಉಷ್ಣತೆಗಳನ್ನು ಮಾತ್ರ ಅವಲಂಬಿಸಿದೆಯೆಂಬ ಅವನ ನಿರ್ಣಯ ಇಂದಿಗೂ ನಿಂತಿದೆ. 1000ವನ್ನು 500ರಿಂದಲೂ 600ನ್ನು 300ರಿಂದಲೂ ಭಾಗಿಸಿ ನೋಡಿದರೆ ಕಾರಣ ಹೊಳೆಯುತ್ತದೆ: ಎರಡು ಕಡೆಯೂ 2. ಒಳಬಂದಷ್ಟೂ ಹೊರಹೋಗುವ ರಾಶಿಯೊಂದು ನಿಜವಾಗಿಯೂ ಇತ್ತು. ಆದರೆ ಅದು ಶಾಖವಲ್ಲ, ಶಾಖವನ್ನು ನಿರಪೇಕ್ಷ ಉಷ್ಣತೆಯಿಂದ ಭಾಗಿಸಿದಾಗ ಬರುವ ಲಬ್ಧ. (ಘರ್ಷಣೆಯುಳ್ಳ ನಿಜವಾದ ಯಂತ್ರಗಳಲ್ಲಿ ಹೊರಹೋಗುವುದೇ ಹೆಚ್ಚು, ಆ ವಿಚಾರ ಬೇರೆ.) ಪಥಫಲನವೊಂದರಿಂದ ಹೀಗೆ ದೊರೆತ ಸ್ಥಿತಿಫಲನಕ್ಕೆ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟನು.

ಕಾರ್ನೋ 1832ರಲ್ಲಿಯೇ, ತನ್ನ 36ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದನು. ಕ್ಯಾಲೊರಿಕ್ ಮತವನ್ನು ಅಷ್ಟರೊಳಗೆ ಆತನೇ ಕೈಬಿಟ್ಟಿದ್ದನೆಂಬುದು 1878ರಲ್ಲಿ ಅಚ್ಚಾದ ಅವನ ಟಿಪ್ಪಣಿಗಳಿಂದ ತಿಳಿದುಬಂದಿತು.