ನೂರು ಚದರಡಿಯ ರಾತ್ರಿ

ಸಿಂಧಘಟ್ಟದಿಂದ ಬಸ್ಸು ಬದಲಿಸಿಕೊಂಡು ಹೊರಟರೂ ಬೆಳಗಿನ ತಿಂಡಿ ಅರಗುವುದರೊಳಗೆ ಶ್ರೀರಂಗಪಟ್ಟಣ ಸಿಕ್ಕಿಬಿಡುತ್ತದೆ. ಆ ಊರಿನ ಒಂದೇ ಒಂದು ರಾತ್ರಿ, 1799ರ ಮೇ 4ರದ್ದು, ಎಡಿನ್‌ಬರ್ಗ್‌ನ ಕಲಾಸಂಗ್ರಹದಲ್ಲಿದೆ. ಎತ್ತರ 11 ಅಡಿಗೂ ಮೇಲೆ, ಅಗಲ 9 ಅಡಿಗೆ ಚೂರು ಕಮ್ಮಿ. ಗುಣಿಸಿದರೆ 10-10 ಕೋಣೆಯ ನೆಲದಷ್ಟು ಚಿತ್ರ!

ಬರೆದವನು ಸ್ಕಾಟ್ಲೆಂಡಿನ ಪಾದ್ರಿಯ ಮಗ ಡೇವಿಡ್ ವಿಲ್ಕಿ. ದೀಪದ ಬೆಳಕಲ್ಲಿ ಬ್ರಿಟಿಷ್ ಸೇನೆಯ ಜನರಲ್ ಬೇರ್ಡ್ ನಿಂತಿದ್ದಾನೆ, ಕೆಳಗೆ ಟಿಪ್ಪುವಿನ ಶವ. ಬೇರ್ಡ್‌ನ ಕಾಲ ಬಳಿ ಕತ್ತಲಕೋಣೆಯ ಕಬ್ಬಿಣದ ಸರಳು. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕ ಅವನು ಇದೇ ಪಟ್ಟಣದಲ್ಲಿ 44 ತಿಂಗಳು ಕೊಳೆತಿದ್ದ. ಆ ಪೊಳ್ಳಿಲೂರಿನ ಕದನವನ್ನು ನಮ್ಮ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈಗಲೂ ನೋಡಬಹುದು. ಅಲ್ಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚುತ್ತ ಕೂತ ಬ್ರಿಟಿಷ್ ಸೇನಾನಿ ಕರ್ನಲ್ ಬೇಲಿಯೂ ಸ್ಕಾಟ್ಲೆಂಡಿನವನೇ.

ಬೇರ್ಡ್‌ನ ವಿಧವೆ 1834ರಲ್ಲಿ ಹೇಳಿ ಬರೆಸಿದ ಚಿತ್ರ ಮುಗಿದದ್ದು 1839ರಲ್ಲಿ. ಐದು ವರ್ಷ! ರಾಬರ್ಟ್ ಕೇರ್ ಪೋರ್ಟರ್ ಎಂಬ ಎಡಿನ್‌ಬರ್ಗ್‌ನಲ್ಲಿ ಬೆಳೆದ ಹುಡುಗ ಇದೇ ಪಟ್ಟಣದ ಮುತ್ತಿಗೆಯನ್ನು 1800ರಲ್ಲೇ ಲಂಡನ್ನಿನಲ್ಲಿ ಬರೆದು ಹಾಕಿದ್ದ. ಉದ್ದ 120 ಅಡಿ, ಹರವು 2,550 ಚದರಡಿ. ಎರಡು 30-40 ಸೈಟು ಸೇರಿಸಿದರೂ 2,400. ತಗುಲಿದ್ದು ಆರೇ ವಾರ ಅಂತೆ. ಲೆಕ್ಕ ಹಾಕಿದರೆ ದಿನಕ್ಕೆ 60 ಚದರಡಿ. ವಿಲ್ಕಿಯ ಐದು ವರ್ಷದ ಕೆಲಸ ಅವನಿಗೆ ಎರಡು ದಿನದ್ದೂ ಅಲ್ಲ. ನನಗೇನೋ ಇದು ಗೋಡೆಗೆ ಸುಣ್ಣ ಬಳಿಯುವ ವೇಗ ಅನ್ನಿಸುತ್ತದೆ. ಲಂಡನ್ನಿನ ಜನ ಮಾತ್ರ ದುಡ್ಡು ಕೊಟ್ಟು ನುಗ್ಗಿದರು.

ತಮಾಷೆಯೆಂದರೆ, ಇಬ್ಬರೂ ಕಾವೇರಿಯನ್ನು ಕಂಡವರಲ್ಲ. ಹಾಗಂತ ಮನೆ ಬಿಡದವರೂ ಅಲ್ಲ. ಪೋರ್ಟರ್ ರಷ್ಯಾ, ಪರ್ಷಿಯಾ, ವೆನೆಜುವೆಲಾ ತಿರುಗಿದ. ವಿಲ್ಕಿ ಮೂವರು ಇಂಗ್ಲಿಷ್ ದೊರೆಗಳ ಚಿತ್ರಕಾರನಾಗಿದ್ದು, 1840ರಲ್ಲಿ ಇಸ್ತಾಂಬುಲಿಗೆ ಹೋಗಿ ಸುಲ್ತಾನ ಅಬ್ದುಲ್ ಮಜೀದನನ್ನು ಕೂರಿಸಿ ಬರೆದ. ಜೆರುಸಲೇಮ್ ನೋಡಿ, ಅಲೆಕ್ಸಾಂಡ್ರಿಯಾದಲ್ಲಿ ಈಜಿಪ್ಟಿನ ಮಹಮ್ಮದ್ ಅಲಿಯನ್ನೂ ಬರೆದ. ಊರಿಗೆ ಮರಳುವಾಗ 1841ರ ಜೂನ್ 1ರಂದು ಹಡಗಿನಲ್ಲೇ ತೀರಿಕೊಂಡ. ವಯಸ್ಸು 55. ಜಿಬ್ರಾಲ್ಟರಿನಲ್ಲಿ ಹೆಣ ಇಳಿಸಲು ಬಿಡಲಿಲ್ಲ, ಸಮುದ್ರಕ್ಕೇ ಒಪ್ಪಿಸಿದರು.

ಅವನ ಗೆಳೆಯ, ಚಿತ್ರಕಾರ ಟರ್ನರ್ ಆ ಸಮುದ್ರ ಸಂಸ್ಕಾರವನ್ನು ಮರುವರ್ಷ ಚಿತ್ರಿಸಿದ. ಮೂರಡಿಗೆ ಮೂರಡಿಯೂ ಇಲ್ಲ ಅದು.